ಟ್ಯೂಬ್ ಸ್ಕ್ರೀಮರ್ ಮತ್ತು ಸೂಪರ್ ಓವರ್‌ಡ್ರೈವ್

ಎಲೆಕ್ಟ್ರಿಕ್ ಗಿಟಾರಿನ ನಾದಕ್ಕೆ ಒರಟು ಮೆರುಗು ಕೊಡುವ, ಕಾಲಿನಿಂದ ಒತ್ತಿ ನಡೆಸುವ ಎರಡು ಜಪಾನೀ ಪೆಡಲುಗಳು. ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಟಿಎಸ್-808 ಐಬನೆಜ್ ಹೆಸರಿನಲ್ಲಿ 1979ರಲ್ಲಿ ಬಂತು. ಹಳದಿ ಬಣ್ಣದ ಸೂಪರ್ ಓವರ್‌ಡ್ರೈವ್ ಎಸ್‌ಡಿ-1 ಬಾಸ್ ಹೆಸರಿನಲ್ಲಿ 1981ರಲ್ಲಿ. ಎರಡಕ್ಕೂ ಮೂರು ಮೂರು ನಾಬುಗಳು, ಎರಡಕ್ಕೂ 9 ವೋಲ್ಟಿನ ಬ್ಯಾಟರಿ. ಒಳಗಿನ ಸರ್ಕ್ಯೂಟೂ ಬಹುಪಾಲು ಒಂದೇ. ಆದರೂ ನಾದ ಒಂದೇ ಅಲ್ಲ. ಈ ವ್ಯತ್ಯಾಸದ ಹೆಚ್ಚಿನ ಪಾಲು ಒಂದು ಹೆಚ್ಚುವರಿ ಡಯೋಡಿನಿಂದ ಬಂದದ್ದು. ಉಳಿದ ಪಾಲು ಪೆಡಲಿನ ಆಚೆಗಿದೆ: ಅದನ್ನು ಎಂಥ ಆಂಪ್ಲಿಫೈಯರಿಗೆ, ಎಂಥ ಸ್ಪೀಕರಿಗೆ ಜೋಡಿಸುತ್ತಾರೆ ಎಂಬುದರಲ್ಲಿ. ಕಲಬುರಗಿ ಜಿಲ್ಲೆಯ ಸುಲೇಪೇಟ, ಸೇಡಂ, ಚಿಂಚೋಳಿ, ಚಿತ್ತಾಪುರದ ಕಡೆಯ ರಸಮಂಜರಿ ವೇದಿಕೆಗಳಂಥಲ್ಲಿ, ಗಿಟಾರಿಗೆಂದೇ ಆಂಪ್ ಇಡದೆ ನೇರವಾಗಿ ಮಿಕ್ಸರಿಗೆ ಕೇಬಲ್ ಎಳೆದಾಗ, ಈ ಎರಡನೆಯ ಅಂಶ ಮೊದಲನೆಯದನ್ನು ನುಂಗಿಬಿಡುತ್ತದೆ. ಆದ್ದರಿಂದ ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ, ನುಡಿಸುವ ಜಾಗ ಯಾವುದೆಂದು ತಿಳಿಯದೆ ಉತ್ತರ ಹೇಳಲಾಗದು.

ಹಿನ್ನೆಲೆ

ವಾಲ್ವ್ (ನಿರ್ವಾತ ಟ್ಯೂಬ್) ಆಂಪ್ಲಿಫೈಯರುಗಳ ಕಾಲದಲ್ಲಿ ಧ್ವನಿ ಒಡೆಯುವುದೆಂದರೆ ರಿಪೇರಿಗೆ ಕಳಿಸಬೇಕಾದ ದೋಷ. ಅದು ಬೇಕಾದ ಗುಣವೆನಿಸಿದ್ದು ನಿಧಾನವಾಗಿ. 1951ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಮುದ್ರಣವಾದ ‘ರಾಕೆಟ್ 88’ ಹಾಡಿನಲ್ಲಿ ಕೇಳುವ ಗಿಟಾರಿನ ಒಡಕು ದನಿ, ಪೆಟ್ಟು ಬಿದ್ದಿದ್ದ ಆಂಪ್ಲಿಫೈಯರಿನದು. ಬ್ರಿಟನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರ ‘ಯೂ ರಿಯಲಿ ಗಾಟ್ ಮಿ’ ಹಾಡಿಗಾಗಿ ತನ್ನ ಸ್ಪೀಕರಿನ ಕಾಗದದ ಶಂಕುವನ್ನೇ ಬ್ಲೇಡಿನಿಂದ ಸೀಳಿದ. ಅದಕ್ಕೂ ಮೊದಲೇ, 1962ರಲ್ಲಿ, ಮಾಯೆಸ್ಟ್ರೊ ಎಫ್‌ಝಡ್-1 ಎಂಬ ಫಜ್ ಪೆಟ್ಟಿಗೆ ಅಂಗಡಿಗೆ ಬಂದಿತ್ತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಅದರ ಸದ್ದನ್ನು ಲೋಕಕ್ಕೆಲ್ಲ ಪರಿಚಯಿಸಿತು.

ಫಜ್ ಧ್ವನಿತರಂಗದ ತಲೆಯನ್ನು ಕೊಡಲಿಯಿಂದ ಕಡಿದಂತೆ ಚಪ್ಪಟೆ ಮಾಡುತ್ತದೆ. ವಾಲ್ವಿನ ಸ್ವಭಾವ ಬೇರೆ. ತನ್ನ ಮಿತಿ ಸಮೀಪಿಸಿದಂತೆ ಅದು ತರಂಗವನ್ನು ಮೆಲ್ಲಗೆ ಒತ್ತಿ ದುಂಡಗಾಗಿಸುತ್ತದೆ. ಮೆಲುವಾಗಿ ಮೀಟಿದರೆ ಸ್ವಚ್ಛ, ಬಿರುಸಾಗಿ ಮೀಟಿದರೆ ಒರಟು. ವಾದಕನ ಕೈಯ ಭಾವ ನಾದದಲ್ಲಿ ಉಳಿಯುವುದು ಹೀಗೆ. ಆದರೆ ವಾಲ್ವ್ ಆಂಪ್ ಆ ಹದಕ್ಕೆ ಬರಬೇಕಾದರೆ ಅದರ ವಾಲ್ಯೂಮನ್ನು ತುತ್ತತುದಿಗೆ ಏರಿಸಬೇಕು. ಸಣ್ಣ ಕೋಣೆಯಲ್ಲಿ, ಕಡಿಮೆ ಸದ್ದಿನಲ್ಲಿ, ಅದೇ ಹದವನ್ನು ಟ್ರಾನ್ಸಿಸ್ಟರು ಮತ್ತು ಡಯೋಡುಗಳಿಂದ ತೆಗೆಯಲು ಹೊರಟವರ ಕೈಯಲ್ಲಿ ಹುಟ್ಟಿದ್ದು ಓವರ್‌ಡ್ರೈವ್ ಪೆಡಲು.

ತಯಾರಕರು

ಐಬನೆಜ್ ಎಂಬುದು ಜಪಾನಿನ ನಗೋಯಾದ ಹೋಶಿನೊ ಗಕ್ಕಿ ಸಂಸ್ಥೆಯ ವ್ಯಾಪಾರನಾಮ. 1908ರಲ್ಲಿ ಪುಸ್ತಕದಂಗಡಿಯೊಂದರ ವಾದ್ಯವಿಭಾಗವಾಗಿ ಶುರುವಾದ ಈ ಸಂಸ್ಥೆ ಪೆಡಲುಗಳನ್ನು ತಾನೇ ಕಟ್ಟಲಿಲ್ಲ. ಮ್ಯಾಕ್ಸನ್ ಹೆಸರಿನಲ್ಲಿ ತನ್ನದೇ ಪೆಡಲುಗಳನ್ನು ಮಾರುತ್ತಿದ್ದ ನಿಶ್ಶಿನ್ ಓಂಪ ಎಂಬ ಕಾರ್ಖಾನೆಯಿಂದ ಮಾಡಿಸಿಕೊಂಡಿತು. ಟ್ಯೂಬ್ ಸ್ಕ್ರೀಮರಿನ ವಿನ್ಯಾಸಕಾರ ಅಲ್ಲಿನ ಸುಸುಮು ತಮುರ. ಗಿಟಾರ್ ಲೋಕದಲ್ಲಿ ತಾರಾವಾದಕರ ಹೆಸರು ಮನೆಮಾತಾಗಿದ್ದರೂ ಈ ಇಂಜಿನಿಯರನ ಹೆಸರು ಬಲ್ಲವರು ಕಡಿಮೆ. ನಿಜಕ್ಕೂ ಇಂದಿನ ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ರೂಪಿಸಿದವರ ಪಟ್ಟಿಯಲ್ಲಿ ತಮುರನಿಗೆ ಮುಂದಿನ ಸಾಲಿನಲ್ಲೇ ಜಾಗ ಸಲ್ಲಬೇಕು.

ಬಾಸ್ ಹುಟ್ಟಿದ್ದು ರೋಲಾಂಡ್ ಸಂಸ್ಥೆಯ ಬಳಗದಲ್ಲಿ. ಇಕುತಾರೊ ಕಾಕೆಹಾಶಿ 1972ರಲ್ಲಿ ಒಸಾಕಾದಲ್ಲಿ ರೋಲಾಂಡನ್ನು ಕಟ್ಟಿದರು. ನಮ್ಮ ರಸಮಂಜರಿ ತಂಡಗಳಿಗೆ ಈ ಹೆಸರು ಆಕ್ಟೋಪ್ಯಾಡಿನಿಂದ ಚಿರಪರಿಚಿತ. ಹಾಡಿಗೆ ಢೋಲಕ್ಕು, ತಬಲದ ಸದ್ದು ಕೊಡುವ ಆ ಪ್ಯಾಡೂ ಹಳದಿ ಪೆಡಲೂ ಒಂದೇ ಮನೆಯವು. ಬಾಸ್ 1977ರಲ್ಲಿ ತಂದ ಮೊದಲ ಪುಟ್ಟ ಪೆಡಲುಗಳಲ್ಲಿ ಓವರ್ ಡ್ರೈವ್ ಓಡಿ-1 ಒಂದು. ಅದಕ್ಕೆ ಎರಡೇ ನಾಬುಗಳಿದ್ದವು: ಒರಟುತನಕ್ಕೊಂದು (ಡ್ರೈವ್), ಸದ್ದಿಗೊಂದು (ಲೆವೆಲ್). ಅದಕ್ಕೆ ಟೋನ್ ನಾಬು ಸೇರಿಸಿದ ರೂಪವೇ ಎಸ್‌ಡಿ-1. ಓಡಿ-1 ತಯಾರಿಕೆ 1985ರಲ್ಲಿ ನಿಂತಿತು. ಎಸ್‌ಡಿ-1 ಮಾತ್ರ 1981ರಿಂದ ಇಂದಿನವರೆಗೂ ಬಿಡುವಿಲ್ಲದೆ ತಯಾರಾಗುತ್ತ ಬಂದಿದೆ. 2014ರಲ್ಲಿ ವಾಝಾ ಕ್ರಾಫ್ಟ್ ಹೆಸರಿನ ಮೇಲ್ದರ್ಜೆಯ ರೂಪವೂ, 2021ರಲ್ಲಿ 40ನೇ ವರ್ಷದ ವಿಶೇಷ ಆವೃತ್ತಿಯೂ ಬಂದವು.

ಒಳಗಿನ ರಚನೆ

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿನಿಂದ ಬರುವ ವಿದ್ಯುತ್ ಸಂಕೇತ ತೀರ ಬಡಕಲು. ಸಾಧಾರಣ ಮೀಟಿಗೆ ಅದು ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ; ಬಿರುಸಾಗಿ ಬಾರಿಸಿದ ಕ್ಷಣದಲ್ಲಿ ಅದರ ಹಲವು ಪಟ್ಟಿಗೆ ಜಿಗಿಯುತ್ತದೆ. ಎರಡೂ ಪೆಡಲುಗಳಲ್ಲಿ ಈ ಸಂಕೇತವನ್ನು ಮೊದಲು ಎದುರುಗೊಳ್ಳುವುದು ಬಫರ್ ಎಂಬ ಒಂದು ಟ್ರಾನ್ಸಿಸ್ಟರಿನ ಹಂತ. ಪಿಕಪ್ಪಿನ ಮೇಲೆ ಭಾರ ಬೀಳದಂತೆ ಸಂಕೇತವನ್ನು ಒಳಗೆ ಕರೆದುಕೊಳ್ಳುವುದು ಅದರ ಕೆಲಸ. ಪೆಡಲನ್ನು ಆಫ್ ಮಾಡಿದಾಗಲೂ ಸಂಕೇತ ಬಫರಿನ ಮೂಲಕವೇ ಹಾಯುತ್ತದೆ. ಉದ್ದದ ಕೇಬಲ್ಲು ತಾರಸ್ವರಗಳ ಹೊಳಪನ್ನು ಹೀರಿಬಿಡುವ ದೊಡ್ಡ ವೇದಿಕೆಗಳಲ್ಲಿ ಇದೊಂದು ಉಪಕಾರ. ಬಫರ್ ಇಲ್ಲದಿದ್ದರೇ ಶುದ್ಧ ನಾದ ಎಂದು ವಾದಿಸುವವರಿದ್ದಾರೆ. ಮಿಕ್ಸರು ಹತ್ತಾರು ಮೀಟರ್ ದೂರವಿರುವ ಕಡೆ ಆ ವಾದ ನಿಲ್ಲುವುದಿಲ್ಲ.

ಮುಂದಿನದು ಪೆಡಲಿನ ಹೃದಯ: 4558 ವರ್ಗದ ಒಂದು ಆಪ್-ಆಂಪ್ ಚಿಪ್ಪು. ಟ್ಯೂಬ್ ಸ್ಕ್ರೀಮರಿನಲ್ಲಿ ಅದು ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು 500 ಕಿಲೋಓಮಿನ ಡ್ರೈವ್ ನಾಬು, ಅದರ ಜೊತೆಗಿನ 51 ಕಿಲೋಓಮ್ ಮತ್ತು 4.7 ಕಿಲೋಓಮಿನ ರೆಸಿಸ್ಟರುಗಳು ತೀರ್ಮಾನಿಸುತ್ತವೆ. ಲೆಕ್ಕ ಹಾಕಿದರೆ ನಾಬು ಸೊನ್ನೆಯಲ್ಲಿದ್ದಾಗ ಸುಮಾರು 12 ಪಟ್ಟು, ಪೂರ್ತಿ ತಿರುಗಿಸಿದಾಗ ಸುಮಾರು 118 ಪಟ್ಟು. ಎಸ್‌ಡಿ-1ರಲ್ಲಿ ನಾಬು 1 ಮೆಗಾಓಮಿನದು, 51 ಕಿಲೋಓಮಿನ ಜಾಗದಲ್ಲಿ 33 ಕಿಲೋಓಮಿನ ರೆಸಿಸ್ಟರು. ಅಲ್ಲಿ ಹಿಗ್ಗು 8 ಪಟ್ಟಿನಿಂದ ಸುಮಾರು 220 ಪಟ್ಟಿನವರೆಗೆ ಹರಡಿದೆ. ಅಂದರೆ ಹಳದಿ ಪೆಡಲು ಕೆಳತುದಿಯಲ್ಲಿ ಹಸಿರಿಗಿಂತ ಸ್ವಚ್ಛ, ಮೇಲುತುದಿಯಲ್ಲಿ ಅದಕ್ಕಿಂತ ಬಿರುಸು.

ಹಿಗ್ಗಿದ ಸಂಕೇತಕ್ಕೆ ಮಿತಿ ಹಾಕುವವು ಡಯೋಡುಗಳು. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿಗೆ ಬಾಗಿಲು ತೆರೆದು ವಿದ್ಯುತ್ತನ್ನು ಹರಿಯಬಿಡುತ್ತದೆ. ಅದರಾಚೆಗೆ ತರಂಗ ಏರಲಾರದು. ಟ್ಯೂಬ್ ಸ್ಕ್ರೀಮರಿನಲ್ಲಿ ಎರಡು ಡಯೋಡುಗಳು ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ: ತರಂಗದ ಮೇಲರ್ಧಕ್ಕೊಂದು, ಕೆಳಅರ್ಧಕ್ಕೊಂದು. ಎರಡೂ ಕಡೆ ಕತ್ತರಿ ಬೀಳುವುದು ಒಂದೇ ಎತ್ತರಕ್ಕೆ. ಎಸ್‌ಡಿ-1ರ ತಳದ ತಗಡು ಬಿಚ್ಚಿ ಅದೇ ಜಾಗ ನೋಡಿದರೆ ಮೂರು ಡಯೋಡುಗಳು ಕಾಣುತ್ತವೆ: ಒಂದು ಕಡೆಗೆ ಒಂದು, ಇನ್ನೊಂದು ಕಡೆಗೆ ಸಾಲಾಗಿ ಎರಡು. ಆದ್ದರಿಂದ ಒಂದು ಅರ್ಧ 0.6 ವೋಲ್ಟಿಗೆ ಕತ್ತರಿಸಿಕೊಂಡರೆ ಇನ್ನೊಂದು ಅರ್ಧ 1.2 ವೋಲ್ಟಿನವರೆಗೆ ಏರುತ್ತದೆ. ಓಡಿ-1ರಿಂದ ಬಂದ ಬಳುವಳಿ ಇದು. ಕೆಲವೇ ಪೈಸೆಯ ಆ ಮೂರನೆಯ ಡಯೋಡೇ ಎರಡು ಪೆಡಲುಗಳ ನಡುವಿನ ಮುಖ್ಯ ಗೆರೆ.

ಡಯೋಡುಗಳು ಆಪ್-ಆಂಪಿನ ಹೊರಗಿಲ್ಲ. ಅದರ ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ದಾರಿಯಲ್ಲಿವೆ. ಈ ಜಾಗದ ಆಯ್ಕೆ ಜಾಣತನದ್ದು. ಇದರಿಂದಾಗಿ ಹೊರಬರುವ ಸಂಕೇತ ಎಂದರೆ ಒಳಬಂದ ಮೂಲ ಸಂಕೇತ ಮತ್ತು ಡಯೋಡು ಕತ್ತರಿಸಿದ ಸಂಕೇತ, ಇವೆರಡರ ಮೊತ್ತ. ಒರಟು ದನಿಯ ಕೆಳಗೆ ಗಿಟಾರಿನ ಸ್ವಂತ ದನಿ ಯಾವಾಗಲೂ ಹರಿಯುತ್ತಿರುತ್ತದೆ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದರೆ ಪೆಡಲನ್ನು ಮುಟ್ಟದೆಯೇ ದನಿ ತಿಳಿಯಾಗುತ್ತದೆ: ಸಂಕೇತ ಡಯೋಡಿನ ಮಿತಿಯನ್ನು ಮುಟ್ಟುವುದು ಆಗ ಕಡಿಮೆ. ಎರಡೂ ಪೆಡಲುಗಳಿಗೆ ಈ ಗುಣ ಸಮಾನ.

ಇನ್ನೊಂದು ಸಮಾನ ಗುಣ ಮಧ್ಯಸ್ಥಾಯಿಯ ಉಬ್ಬು. 4.7 ಕಿಲೋಓಮಿನ ರೆಸಿಸ್ಟರಿನ ಜೊತೆಗಿರುವ 0.047 ಮೈಕ್ರೋಫ್ಯಾರಡಿನ ಕೆಪಾಸಿಟರು 720 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಗೆ ಹಿಗ್ಗನ್ನು ಹಂತಹಂತವಾಗಿ ಕಡಿಮೆ ಮಾಡುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಮೂಲಸ್ವರ 82 ಹರ್ಟ್ಸ್. ಟ್ಯೂಬ್ ಸ್ಕ್ರೀಮರಿನ ಡ್ರೈವ್ ಪೂರ್ತಿ ತಿರುಗಿಸಿದಾಗ ಮಧ್ಯಸ್ಥಾಯಿಗೆ 118 ಪಟ್ಟು ಸಿಗುವಾಗ, ಈ ಮೂಲಸ್ವರಕ್ಕೆ ಸಿಗುವುದು ಬರೀ 13 ಪಟ್ಟು. ದಪ್ಪ ತಂತಿಗಳು ಗೊಜ್ಜಾಗದೆ ಬಿಗಿಯಾಗಿ ಕೇಳಿಸುವುದು ಈ ತಡೆಯಿಂದ. ಕತ್ತರಿಯ ಹಂತ ದಾಟಿದ ಮೇಲೆ ಟ್ಯೂಬ್ ಸ್ಕ್ರೀಮರಿನಲ್ಲಿ ಇನ್ನೊಂದು ಶೋಧಕ, ಈ ಸಲ 723 ಹರ್ಟ್ಸ್‌ಗಿಂತ ಮೇಲಿನದನ್ನು ತಗ್ಗಿಸುವಂಥದ್ದು, ಕೂತಿದೆ. ತಗ್ಗಿಸಿದ ಆ ಹೊಳಪನ್ನು ಬೇಕಾದಷ್ಟು ಮರಳಿಸುವುದು ಟೋನ್ ನಾಬಿನ ಕೆಲಸ. ಕೆಳಗೂ ಮೇಲೂ ಒತ್ತಿದ್ದರಿಂದ ನಡು ಎದ್ದು ನಿಲ್ಲುತ್ತದೆ. ಎಸ್‌ಡಿ-1ರಲ್ಲೂ ನಡು ಎದ್ದಿದೆ. ಆದರೆ ಮೇಲಿನ ಅಂಚು ಕೊಂಚ ಹೆಚ್ಚು ತೆರೆದುಕೊಂಡಿರುವುದರಿಂದ ಕೆಲವರ ಕಿವಿಗೆ ಅದು ತೆಳುವೆನಿಸುತ್ತದೆ, ಕೆಲವರಿಗೆ ಚುರುಕು.

ಸ್ವರದ ಮೇಲಿನ ಪರಿಣಾಮ

ತರಂಗವನ್ನು ಕತ್ತರಿಸಿದಾಗ ಮೂಲದಲ್ಲಿಲ್ಲದ ಸ್ವರಗಳು ಹುಟ್ಟುತ್ತವೆ. ಅವು ಯಾವುವು ಎಂಬುದನ್ನು ನಮ್ಮ ಸಂಗೀತದ ಮಾತಿನಲ್ಲೇ ಸುಲಭವಾಗಿ ಹೇಳಬಹುದು. ಮೂಲಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಅದರ ಎರಡು ಪಟ್ಟು ಕಂಪನ ತಾರಷಡ್ಜ, ಮೂರು ಪಟ್ಟು ತಾರಪಂಚಮ, ನಾಲ್ಕು ಪಟ್ಟು ಅತಿತಾರ ಷಡ್ಜ, ಐದು ಪಟ್ಟು ಅದರ ಮೇಲಿನ ಗಾಂಧಾರ. ಎರಡೂ ಕಡೆ ಸಮನಾಗಿ ಕತ್ತರಿಸುವ ಟ್ಯೂಬ್ ಸ್ಕ್ರೀಮರು ಹೊಸದಾಗಿ ಸೇರಿಸುವುದು ಬೆಸಸಂಖ್ಯೆಯವನ್ನು ಮಾತ್ರ: ಪಂಚಮ, ಗಾಂಧಾರ, ಅವುಗಳ ಮುಂದಿನವು. ಅಸಮವಾಗಿ ಕತ್ತರಿಸುವ ಎಸ್‌ಡಿ-1 ಇವುಗಳ ಜೊತೆಗೆ ಸಮಸಂಖ್ಯೆಯವನ್ನೂ, ಅಂದರೆ ಮುಖ್ಯವಾಗಿ ಮೇಲಿನ ಷಡ್ಜಗಳನ್ನೂ, ಕೂಡಿಸುತ್ತದೆ. ತಂತಿಯಲ್ಲಿ ಸಹಜವಾಗಿಯೇ ಇರುವ ಮೇಲಿನ ಷಡ್ಜಗಳು ಹಸಿರು ಪೆಡಲಿನಲ್ಲೂ ಕೇಳುತ್ತವೆ. ಹಳದಿಯಲ್ಲಿ ಅವಕ್ಕೆ ಬಲ ಹೆಚ್ಚು.

ತಂಬೂರಿಯ ಜವಾರಿಯನ್ನು ಬಲ್ಲವರಿಗೆ ಈ ವಿಷಯ ಹೊಸದಲ್ಲ. ಕುದುರೆಯ ಬಾಗಿದ ಮೈಗೆ ತಂತಿ ಸವರಿ ನಡುಗುವಂತೆ ನೂಲಿನ ಎಳೆಯೊಂದನ್ನು ಸರಿಸಿ ಹದ ಹುಡುಕುವ ವಾದಕ ಮಾಡುವುದೂ ಮೂಲಸ್ವರದೊಳಗಿಂದ ಪಂಚಮ, ಗಾಂಧಾರಗಳನ್ನು ಎಬ್ಬಿಸುವ ಕೆಲಸವನ್ನೇ. ಮಿರಜಿನ ತಂಬೂರಿ ತಯಾರಕರು ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ ಸಾಧಿಸುವುದನ್ನು ಇಲ್ಲಿ ಡಯೋಡು ಮಾಡುತ್ತದೆ. ಭೌತಿಕ ಕಾರಣ ಎರಡರಲ್ಲೂ ಒಂದೇ ಅಲ್ಲ: ಜವಾರಿಯಲ್ಲಿ ತಂತಿಯೇ ಕುದುರೆಯನ್ನು ಮುಟ್ಟಿ ಬಿಡುತ್ತ ತನ್ನ ಶಕ್ತಿಯನ್ನು ಮೇಲಿನ ಸ್ವರಗಳಿಗೆ ಹಂಚುತ್ತದೆ. ಕಿವಿ ಬಯಸುವ ತುಂಬುತನ ಮಾತ್ರ ಒಂದೇ ಜಾತಿಯದು.

ಎರಡು ಸ್ವರಗಳನ್ನು ಕೂಡಿಸಿ ಮೀಟಿದಾಗ ಮಾತು ಇನ್ನೂ ಸ್ವಾರಸ್ಯದ್ದು. 200 ಹರ್ಟ್ಸ್‌ನ ಷಡ್ಜವನ್ನೂ 300 ಹರ್ಟ್ಸ್‌ನ ಪಂಚಮವನ್ನೂ ಒಟ್ಟಿಗೆ ಓವರ್‌ಡ್ರೈವಿಗೆ ಕೊಟ್ಟರೆ ಅವುಗಳ ವ್ಯತ್ಯಾಸವಾದ 100 ಹರ್ಟ್ಸ್, ಅಂದರೆ ಮಂದ್ರಷಡ್ಜ, ತಾನಾಗಿ ಮೂಡುತ್ತದೆ. ಯಾರೂ ನುಡಿಸದ ಆ ಮಂದ್ರದಿಂದಾಗಿಯೇ ರಾಕ್ ಸಂಗೀತದ ಸ-ಪ ಜೋಡಿಗೆ ಅಷ್ಟು ಗಾಂಭೀರ್ಯ. ಷಡ್ಜ-ಗಾಂಧಾರದ ಜೋಡಿಗೆ ಈ ಭಾಗ್ಯವಿಲ್ಲ. ಗಿಟಾರಿನ ಮೆಟ್ಟಿಲುಗಳು ಸಮಪಾಲಿನವು; ಅದರ ಗಾಂಧಾರ 250ರ ಬದಲು 252 ಹರ್ಟ್ಸ್‌ನಲ್ಲಿ ಕೂರುತ್ತದೆ. ವ್ಯತ್ಯಾಸಸ್ವರ 50ರ ಬದಲು 52. ಅದು ಷಡ್ಜದ ಸಾಲಿನಿಂದ ಒಂದು ಮೆಟ್ಟಿಲಿನ ಮೂರರಲ್ಲಿ ಎರಡು ಪಾಲಿನಷ್ಟು ಜಾರಿದ ಅಪಸ್ವರ. ಇಂಥ ನೇರ ವ್ಯತ್ಯಾಸಸ್ವರಗಳನ್ನು ಹುಟ್ಟಿಸುವುದು ಅಸಮ ಕತ್ತರಿ. ಆದ್ದರಿಂದ ಗಾಂಧಾರವುಳ್ಳ ಪೂರ್ಣ ಸ್ವರಮೇಳಗಳನ್ನು ಎಸ್‌ಡಿ-1ರಲ್ಲಿ ನುಡಿಸುವಾಗ ಡ್ರೈವನ್ನು ಕಡಿಮೆ ಇಡುವುದು ಒಳ್ಳೆಯದು. ಒಂಟಿ ಸ್ವರಗಳ ಆಲಾಪಕ್ಕೆ ಅದೇ ಅಸಮತೆ ವರ. ದನಿಗೆ ಒಂದು ಬಗೆಯ ಗಂಟಲು ಬರುತ್ತದೆ.

ಟಿಎಸ್-808 ಮತ್ತು ಟಿಎಸ್9

ಟ್ಯೂಬ್ ಸ್ಕ್ರೀಮರಿನ ಮನೆಯೊಳಗೇ ಇನ್ನೊಂದು ಹೋಲಿಕೆ ಇದೆ. 1982ರಲ್ಲಿ ಟಿಎಸ್-808ರ ಜಾಗಕ್ಕೆ ಬಂದ ಟಿಎಸ್9ರಲ್ಲಿ ಸಣ್ಣ ಚೌಕದ ಗುಂಡಿಯ ಬದಲು ಅಗಲವಾದ ಕಾಲೊತ್ತು ಇದೆ. ಒಳಗೆ ಬದಲಾದದ್ದು ಔಟ್‌ಪುಟ್ ತುದಿಯ ಎರಡು ರೆಸಿಸ್ಟರು: 100 ಓಮ್ ಇದ್ದಲ್ಲಿ 470 ಓಮ್, 10 ಕಿಲೋಓಮ್ ಇದ್ದಲ್ಲಿ 100 ಕಿಲೋಓಮ್. ಟಿಎಸ್9 ತುಸು ಹೆಚ್ಚು ಚುರುಕೆಂದು ವಾದಕರು ಹೇಳುತ್ತಾರೆ. ಮೂಲ ಟಿಎಸ್-808ಕ್ಕೆ ಹಳೆಯ ವಸ್ತುಗಳ ಸಂಗ್ರಾಹಕರು ಹಲವು ಪಟ್ಟು ಬೆಲೆ ತೆರುತ್ತಾರೆ. ಅಷ್ಟು ಹಣಕ್ಕೆ ತಕ್ಕ ನಾದದ ಅಂತರ ಈ ಎರಡು ರೆಸಿಸ್ಟರುಗಳಲ್ಲಿ ಇಲ್ಲ. ಟಿಎಸ್9 1990ರ ದಶಕದ ಆರಂಭದಲ್ಲೂ ಟಿಎಸ್-808 2004ರಲ್ಲೂ ಮರುತಯಾರಿಕೆಗೆ ಬಂದವು. ಹೋಶಿನೊ ಮತ್ತು ಮ್ಯಾಕ್ಸನ್ನಿನ ನಂಟು 2002ರಲ್ಲಿ ಮುಗಿಯಿತು. ಮ್ಯಾಕ್ಸನ್ ತನ್ನ ಹೆಸರಿನಲ್ಲೇ ಓಡಿ808 ಎಂಬ ಸೋದರ ಪೆಡಲನ್ನು ಮಾರುತ್ತ ಬಂತು.

ಬಳಕೆ

ಟ್ಯೂಬ್ ಸ್ಕ್ರೀಮರಿಗೆ ಕೀರ್ತಿ ತಂದವನು ಅಮೆರಿಕದ ಟೆಕ್ಸಾಸಿನ ಬ್ಲೂಸ್ ವಾದಕ ಸ್ಟೀವಿ ರೇ ವಾನ್. 1990ರಲ್ಲಿ ತೀರಿಕೊಳ್ಳುವವರೆಗೆ ಅವನು ಟಿಎಸ್-808, ಟಿಎಸ್9, ಟಿಎಸ್10 ಮೂರನ್ನೂ ಒಂದಾದ ಮೇಲೊಂದು ಬಳಸಿದ. ಮೆಟಾಲಿಕಾದ ಕರ್ಕ್ ಹ್ಯಾಮೆಟ್ ತನ್ನ ಏಕವಾದನದ ಭಾಗಗಳಿಗೆ ಇದನ್ನೇ ಒತ್ತಿದವನು. ಎಸ್‌ಡಿ-1ರ ಪರವಾಗಿ ಮುಖ್ಯವಾಗಿ ಹೇಳುವ ಹೆಸರು ಝ್ಯಾಕ್ ವೈಲ್ಡ್; ಮಾರ್ಷಲ್ ಜೆಸಿಎಂ800 ವಾಲ್ವ್ ಆಂಪಿನ ಮುಂದೆ ಅದನ್ನಿಟ್ಟು ನುಡಿಸಿದವನು. ಇವರ ವಿಧಾನದಲ್ಲೊಂದು ಸಾಮ್ಯವಿದೆ. ಡ್ರೈವ್ ತಗ್ಗಿನಲ್ಲಿ, ಲೆವೆಲ್ ಎತ್ತರದಲ್ಲಿ. ಒಡೆಯುವ ಕೆಲಸವನ್ನು ಆಂಪಿನ ವಾಲ್ವಿಗೇ ಬಿಟ್ಟು, ಪೆಡಲು ಅದನ್ನು ಹಿಂದಿನಿಂದ ನೂಕುತ್ತದೆ. 720 ಹರ್ಟ್ಸ್‌ನ ಶೋಧಕ ತಗ್ಗುಸ್ವರಗಳನ್ನು ಮೊದಲೇ ಸೋಸಿರುವುದರಿಂದ ಹೆವಿ ಮೆಟಲ್‌ನ ವೇಗದ ಹೊಡೆತಗಳೂ ಬಿಡಿಬಿಡಿಯಾಗಿ ಕೇಳುತ್ತವೆ.

ಕರ್ನಾಟಕದಲ್ಲಿ ಇಂಥ ನಾದದ ನೆಲೆ ಬೆಂಗಳೂರು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರ ಕ್ರಿಪ್ಟೋಸ್ ತಂಡಗಳು ಅಲ್ಲಿಯವು. ಅರಮನೆ ಮೈದಾನದಲ್ಲಿ ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್ 30ರಂದು ನುಡಿಸಿದವು. ಹ್ಯಾಮೆಟ್‌ನ ಗಿಟಾರಿನ ದನಿಯನ್ನು ಕನ್ನಡ ನಾಡಿನ ಕೇಳುಗರು ನೇರವಾಗಿ ಕೇಳಿದ್ದು ಅಂದು. ಕನ್ನಡದ ಪದವನ್ನೇ ಈ ಬ್ಯಾಂಡ್ ಸಂಗೀತಕ್ಕೆ ತಂದವರಲ್ಲಿ ರಘು ದೀಕ್ಷಿತ್ ಪ್ರಮುಖರು; ಶಿಶುನಾಳ ಷರೀಫರ ತತ್ವಪದಗಳನ್ನು ಅವರು ಗಿಟಾರು, ಡ್ರಮ್ಮಿನೊಂದಿಗೆ ದೇಶವಿದೇಶಗಳಲ್ಲಿ ಹಾಡಿದ್ದಾರೆ.

ಕಲಬುರಗಿ ಸೀಮೆಯ ವೇದಿಕೆಯಲ್ಲಿ

ವಾಡಿ, ಚಿತ್ತಾಪುರ, ಸೇಡಂ ಮಾರ್ಗವಾಗಿ ಹೈದರಾಬಾದಿನತ್ತ ಸಾಗುವ ರೈಲುದಾರಿಯ ಆಚೀಚಿನ ಈ ಸೀಮೆಯಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ನೆಲೆ ಎಂದರೆ ಜಾತ್ರೆ, ಗಣೇಶೋತ್ಸವ, ಮದುವೆಗಳ ರಸಮಂಜರಿ. ಕೀಬೋರ್ಡು, ಆಕ್ಟೋಪ್ಯಾಡು, ಢೋಲಕ್ಕು, ಇಬ್ಬರು ಮೂವರು ಗಾಯಕರು. ಎಲ್ಲರ ಕೇಬಲ್ಲೂ ಒಂದೇ ಮಿಕ್ಸರಿಗೆ. ಗಿಟಾರಿನದೂ ಅಷ್ಟೇ. ಈ ಪೆಡಲುಗಳ ವಿನ್ಯಾಸಕಾರರು ಎಣಿಸದಿದ್ದ ಸನ್ನಿವೇಶ ಇದು. ಗಿಟಾರ್ ಆಂಪಿನ 12 ಅಂಗುಲದ ಸ್ಪೀಕರು ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ದನಿಯನ್ನು ಕಡಿದು ಹಾಕುತ್ತದೆ; ಕತ್ತರಿಸಿದ ತರಂಗದ ಮೇಲ್ತುದಿಯ ಕರ್ಕಶತೆ ಅಲ್ಲಿಯೇ ಸೋಸಿಹೋಗುತ್ತದೆ. ಮೈದಾನದ ದೊಡ್ಡ ಸ್ಪೀಕರುಗಳ ಹಾರ್ನ್ ಹಾಗಲ್ಲ. ಗಾಯಕಿಯ ಸಕಾರ, ಮಂಜೀರದ ಕಿಣಿಕಿಣಿ ದೂರಕ್ಕೆ ಮುಟ್ಟಲೆಂದೇ ಮಾಡಿದ್ದು ಅದು. ಪೆಡಲಿನ ಕರ್ಕಶವನ್ನೂ ಅಷ್ಟೇ ನಿಷ್ಠೆಯಿಂದ ಕೊನೆಯ ಸಾಲಿನವರೆಗೂ ಒಯ್ಯುತ್ತದೆ.

ಇದಕ್ಕೆ ಪರಿಹಾರವೂ ಸರಳ. ಸ್ಪೀಕರಿನ ಗುಣವನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಪೆಡಲಿನ ನಂತರ ಬರಬೇಕು; ಇಲ್ಲವೇ ಮಿಕ್ಸರಿನಲ್ಲಿ ಆ ಚಾನೆಲ್ಲಿನ ಹೈ ಗುಂಡಿಯನ್ನು ಚೆನ್ನಾಗಿ ಇಳಿಸಬೇಕು. ಎರಡೂ ಸಾಧ್ಯವಿಲ್ಲದ ಕಡೆ ಟ್ಯೂಬ್ ಸ್ಕ್ರೀಮರೇ ಸುರಕ್ಷಿತ: ಟೋನನ್ನು ಅರ್ಧಕ್ಕಿಂತ ಕೆಳಗಿಟ್ಟರೆ ಅದರ ಎರಡನೆಯ ಶೋಧಕ ಕರ್ಕಶವನ್ನು ಸಾಕಷ್ಟು ತಡೆಯುತ್ತದೆ. ಕೀಬೋರ್ಡಿಗೂ ಢೋಲಕ್ಕಿಗೂ ನಡುವೆ ಗಿಟಾರಿಗೆ ಉಳಿಯುವ ಜಾಗವೇ ಮಧ್ಯಸ್ಥಾಯಿ. ಅಲ್ಲಿ ಈ ಪೆಡಲಿನ ಉಬ್ಬು ಸರಿಯಾಗಿ ಕೂರುತ್ತದೆ. ಸಣ್ಣದಾದರೂ ಒಂದು ಗಿಟಾರ್ ಆಂಪನ್ನು ವೇದಿಕೆಯ ಮೇಲಿಟ್ಟು ಅದರ ಮುಂದೆ ಮೈಕು ಹಿಡಿಯುವ ತಂಡಗಳಿಗೆ ಎಸ್‌ಡಿ-1 ಉತ್ತಮ. ಟ್ರಾನ್ಸಿಸ್ಟರ್ ಆಂಪಿಗೆ ಸ್ವಂತವಾಗಿ ಇಲ್ಲದ ಗಂಟಲನ್ನು ಅದರ ಅಸಮ ಕತ್ತರಿ ತುಂಬಿಕೊಡುತ್ತದೆ, ಬೆಲೆಯೂ ಟ್ಯೂಬ್ ಸ್ಕ್ರೀಮರಿಗಿಂತ ಕಡಿಮೆ.

ಹಲವು ಪರಿಣಾಮಗಳನ್ನು ಒಂದರಲ್ಲೇ ತುಂಬಿದ ಮಲ್ಟಿ-ಇಫೆಕ್ಟ್ ಪ್ರೊಸೆಸರಿನಲ್ಲಿಯೂ ಇವೇ ಪೆಡಲುಗಳ ಡಿಜಿಟಲ್ ನಕಲುಗಳು ಕೂತಿರುತ್ತವೆ. ಬಾಸ್ ತನ್ನ ಜಿಟಿ ಸರಣಿಯಲ್ಲಿ ಪ್ರತಿಸ್ಪರ್ಧಿಯ ಪೆಡಲನ್ನೇ ‘ಟಿ-ಸ್ಕ್ರೀಮ್’ ಎಂಬ ಹೆಸರಿನಿಂದ ಕೊಟ್ಟಿದೆ. ಅದೇ ಪ್ರೊಸೆಸರಿನಲ್ಲಿ ಕ್ಯಾಬ್ ಸಿಮ್ಯುಲೇಟರೂ ಇರುವುದರಿಂದ ಮಿಕ್ಸರಿಗೆ ನೇರ ಹೋಗುವವರಿಗೆ ಇದು ಒಳ್ಳೆಯ ದಾರಿ. ಬೆಹ್ರಿಂಗರ್ ಟಿಒ800, ಜೊಯೊ ಜೆಎಫ್-01 ಮುಂತಾದ ಅಗ್ಗದ ಪೆಡಲುಗಳು ಟ್ಯೂಬ್ ಸ್ಕ್ರೀಮರಿನ ಸರ್ಕ್ಯೂಟನ್ನೇ ಅನುಸರಿಸಿವೆ. ಸರ್ಕ್ಯೂಟು ಅಷ್ಟು ಸರಳವಾಗಿರುವುದರಿಂದ ನಾದದಲ್ಲಿ ಅವು ಮೂಲಕ್ಕೆ ಬಹಳ ಹತ್ತಿರ. ಬೆಹ್ರಿಂಗರಿನ ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ ಬಾಳಿಕೆಯಲ್ಲಿ ಹಿಂದೆ.

ಈ ಸೀಮೆಯ ಹಾಡಿನ ಇನ್ನೊಂದು ಬೇರು ತತ್ವಪದ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದಗಳನ್ನು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ರಾತ್ರಿಯಿಡೀ ಹಾಡುವ ಭಜನಾ ಮೇಳಗಳಲ್ಲಿ ಶ್ರುತಿಯೇ ಆಧಾರ. ಆ ಪದಗಳಿಗೆ ಗಿಟಾರು ಹಿಡಿಯುವವರಿಗೆ ಓವರ್‌ಡ್ರೈವ್ ಸಂಗಾತಿಯಾಗಬಲ್ಲದು, ಹದ ತಪ್ಪದಿದ್ದರೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಎರಡು ಮೆಟ್ಟಿಲು ಇಳಿಸಿ ಶ್ರುತಿ ಮಾಡಿದರೆ ದಪ್ಪನೆಯ ಮೂರು ತಂತಿಗಳು ಸ-ಪ-ಸ ಆಗುತ್ತವೆ. ಡ್ರೈವನ್ನು ಕಾಲುಭಾಗಕ್ಕಿಟ್ಟು ಆ ಮೂರನ್ನೂ ಮೆಲ್ಲಗೆ ಮೀಟಿ ಬಿಟ್ಟರೆ ಹೊಮ್ಮುವ ಶ್ರುತಿ ದೀರ್ಘವಾಗಿ ನಿಲ್ಲುತ್ತದೆ. ಕತ್ತರಿಯಿಂದ ದನಿಯ ಏರಿಳಿತ ಒತ್ತಿಹೋಗುವುದರಿಂದ ತಂತಿ ಆರುತ್ತ ಬಂದಂತೆಯೂ ಅದು ಬೇಗ ಸೊರಗದು. ಈ ಕೆಲಸಕ್ಕೆ ಮೇಲಿನ ಷಡ್ಜಗಳನ್ನು ಎತ್ತಿಕೊಡುವ ಹಳದಿ ಪೆಡಲೇ ಸೂಕ್ತ. ಗಾಂಧಾರವನ್ನು ಗಾಯಕನಿಗೆ ಬಿಟ್ಟುಕೊಡಬೇಕು.

ವಿದ್ಯುತ್ತು ಮತ್ತು ನಿರ್ವಹಣೆ

ಎರಡೂ ಪೆಡಲುಗಳು ಸೇವಿಸುವ ವಿದ್ಯುತ್ತು 10 ಮಿಲಿಆಂಪಿಗಿಂತ ಕಡಿಮೆ. ಒಂದು ಒಳ್ಳೆಯ 9 ವೋಲ್ಟ್ ಬ್ಯಾಟರಿಯಲ್ಲಿ ಹಲವು ಕಾರ್ಯಕ್ರಮ ಮುಗಿಸಬಹುದು. ಇನ್‌ಪುಟ್ಟಿಗೆ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಹರಿಯತೊಡಗುತ್ತದೆ, ಪೆಡಲು ಆಫ್ ಇದ್ದರೂ. ಕಾರ್ಯಕ್ರಮ ಮುಗಿದ ಮೇಲೆ ಆ ಕೇಬಲ್ ಕಿತ್ತಿಡುವುದನ್ನು ಮರೆಯಬಾರದು. ಜನರೇಟರಿನ ಮೇಲೆ ನಡೆಯುವ, ದೀಪಾಲಂಕಾರದ ಡಿಮ್ಮರುಗಳಿರುವ ವೇದಿಕೆಯಲ್ಲಿ ಅಗ್ಗದ ಅಡಾಪ್ಟರುಗಳು ಗುಂಯ್‌ಗುಡುವ ಸದ್ದನ್ನು ಒಳಗೆ ಬಿಡುತ್ತವೆ. ಅಲ್ಲಿ ಬ್ಯಾಟರಿಯೇ ಲೇಸು. ಅಡಾಪ್ಟರು ಬಳಸುವುದಾದರೆ ಅದರ ನಡುಪಿನ್ನು ಋಣಧ್ರುವದ್ದಾಗಿರಬೇಕು. ಹಳೆಯ ಎಸ್‌ಡಿ-1 ಕೊಳ್ಳುವವರು ತಳದ ಚೀಟಿಯಲ್ಲಿ ಎಸಿಎ ಎಂದಿದೆಯೇ ಪಿಎಸ್‌ಎ ಎಂದಿದೆಯೇ ನೋಡಬೇಕು. ಎಸಿಎ ಎಂದಿದ್ದರೆ ಅದು ಬೇರೆ ಬಗೆಯ 12 ವೋಲ್ಟ್ ಅಡಾಪ್ಟರಿಗೆಂದು ಮಾಡಿದ ಪೆಡಲು. ಇಂದಿನ 9 ವೋಲ್ಟಿನ ಅಡಾಪ್ಟರಿಗೆ ಚುಚ್ಚಿದರೆ ದೀಪ ಮಂಕಾಗಿ ದನಿಯೂ ಕುಗ್ಗುತ್ತದೆ. ಪೆಡಲು ಕೆಟ್ಟಿದೆಯೆಂದು ಅದನ್ನು ಬದಿಗಿಡಬೇಕಾಗಿಲ್ಲ.

ಶಹಾಬಾದದ ಕಲ್ಲುಗಣಿ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳ ನೆರೆಯಲ್ಲಿ ನುಡಿಸುವವರ ಪೆಡಲಿಗೆ ದೂಳಿನ ಕಾಟ ಹೆಚ್ಚು. ನಾಬು ತಿರುಗಿಸುವಾಗ ಚರಚರ ಸದ್ದು ಬಂದರೆ ಒಳಗಿನ ಇಂಗಾಲದ ಪಟ್ಟಿಯ ಮೇಲೆ ದೂಳು ಕೂತಿದೆ ಎಂದರ್ಥ. ತಳ ಬಿಚ್ಚಿ, ನಾಬಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ನಾಬನ್ನು ಆ ತುದಿಯಿಂದ ಈ ತುದಿಗೆ ಕೆಲವು ಸಲ ತಿರುಗಿಸಿದರೆ ಹೋಗುತ್ತದೆ. ಎಸ್‌ಡಿ-1ರ ಬ್ಯಾಟರಿ ಬದಲಿಸಲು ಸ್ಕ್ರೂಡ್ರೈವರೇ ಬೇಡ: ಕಾಲೊತ್ತಿನ ಮುಂದಿನ ಕಪ್ಪು ತಿರುಪನ್ನು ಬೆರಳಿನಿಂದ ಸಡಿಲಿಸಿದರೆ ಮುಚ್ಚಳ ಮೇಲೇಳುತ್ತದೆ, ಕೆಳಗೆ ಬ್ಯಾಟರಿ. ಟ್ಯೂಬ್ ಸ್ಕ್ರೀಮರಿನ ಬ್ಯಾಟರಿಯ ಬಾಗಿಲು ತಳದಲ್ಲಿರುವುದರಿಂದ ಪೆಡಲನ್ನು ಹಲಗೆಗೆ ಅಂಟಿಸಿಕೊಂಡವರು ಕಿತ್ತು ತಿರುವಿ ಹಾಕಬೇಕಾಗುತ್ತದೆ. ಎರಡನ್ನೂ ಇಟ್ಟುಕೊಂಡವರು ಎಸ್‌ಡಿ-1ನ್ನು ಮೊದಲು, ಡ್ರೈವ್ ತಗ್ಗಿಸಿ, ಟ್ಯೂಬ್ ಸ್ಕ್ರೀಮರನ್ನು ಅದರ ನಂತರ ಜೋಡಿಸಿ ನೋಡುವುದು ಒಳ್ಳೆಯದು. ಮೇಲಿನ ಷಡ್ಜಗಳೂ ಸಿಗುತ್ತವೆ, ಕೊನೆಯಲ್ಲಿ ಕೂತ ಹಸಿರು ಪೆಡಲಿನ ಟೋನ್ ನಾಬು ಎರಡರ ಕರ್ಕಶವನ್ನೂ ಒಟ್ಟಿಗೆ ಹಿಡಿತದಲ್ಲಿಡುತ್ತದೆ.